ತಪ್ಪಿ ಕೇಳಿದ ಮನೆಮಾತು

ಗಾರೆ ಕೆಲಸದವನನ್ನು ವಾರ್ಡಿಗೆ ಸೇರಿಸಿ, ಚೀಟಿಯೊಂದನ್ನು ಸಿಸ್ಟರ್ ಕೈಗಿತ್ತು ಮೇಸ್ತ್ರಿ ಜಾಗ ಖಾಲಿ ಮಾಡಿದ್ದ. ಕಟ್ಟಡದ ಮೇಲಿಂದ ಬಿದ್ದವನಿಗೆ ಕಾಲು ಮುರಿದಿತ್ತು. ಅವನಿಗೆ ತೆಲುಗು ಬಿಟ್ಟರೆ ಬೇರೆ ಮಾತು ಬಾರದು.

"ಇಲ್ಲಿ ಯಾರಿಗಾದ್ರೂ ತೆಲುಗು ಬರುತ್ತೇನ್ರೀ?" ಸಿಸ್ಟರ್ ಕೂಗಿದರು.

ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದ ಆಯಾ ತಲೆ ತಗ್ಗಿಸಿದಳು. ಹನ್ನೆರಡು ವರ್ಷದಲ್ಲಿ ತನ್ನ ಮನೆಮಾತು ತೆಲುಗೆಂದು ಅವಳು ಅಲ್ಲಿ ಬಾಯಿ ಬಿಟ್ಟಿರಲಿಲ್ಲ. ಅವಳ ಓಣಿಯವರೆಲ್ಲ ಯಾವುದೋ ರಾಜನ ಕಾಲದಲ್ಲಿ ಬಂದವರು. ಕೆಲವರು ಸೈನ್ಯದ ಬೆನ್ನಿಗೆ, ಕೆಲವರು ಕರಿಮಣ್ಣು ಹುಡುಕಿಕೊಂಡು, ಅವಳ ಮನೆಯವರು ಮಗ್ಗ ಹೊತ್ತುಕೊಂಡು. ಒಲೆಯ ಮುಂದೆ ಹಿರಿಯರೊಂದಿಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ; ಮಗಳ ಜೊತೆ ಮಾತ್ರ ಒಳಗೂ ಕನ್ನಡವೇ. ಅಸಲು ತೆಲುಗಿನವರು ಕೇಳಿದರೆ ಬಿದ್ದು ಬಿದ್ದು ನಗುತ್ತಾರೆಂಬ ಅಳುಕು ಬೇರೆ.

"ಅಷ್ಟೋ ಇಷ್ಟೋ ಬರುತ್ತೆ ಸಿಸ್ಟರ್," ಎಂದಳು.

ಗಾಯಾಳು ತಲೆಯ ಮೇಲೆ ತೂಗುತ್ತಿದ್ದ ಔಷಧಿಯ ಬಾಟಲಿಯನ್ನೇ ದಿಟ್ಟಿಸುತ್ತಿದ್ದ. "ಆ ಮಂದು ನಾಕು ಪಡದು!"

"ಔಷಧಿ ಬೀಳ್ತಿಲ್ಲ ಅಂತಾನೆ."

"ಚೆನ್ನಾಗೇ ಬೀಳ್ತಿದೆಯಲ್ಲಾ? ಹೆದರಬೇಡ ಅಂತ ಹೇಳಿ," ಎಂದ ಸಿಸ್ಟರ್ ಪಕ್ಕದ ಹಾಸಿಗೆಗೆ ಹೋದರು.

ಆಯಾ ಬಟ್ಟೆಯ ಗಂಟು ಸೊಂಟಕ್ಕೇರಿಸಿ ಬಾಗಿಲವರೆಗೆ ಹೋದಳು. ಕಾಲು ಮುಂದಕ್ಕೆ ಬರಲಿಲ್ಲ. 'ನಾಕು' ಎಂದನಲ್ಲ, 'ನನಗೆ' ಎಂದು? ಬಾಟಲಿಯಿಂದ ಬೀಳುವುದಕ್ಕೂ ಇವನಿಗೂ ಏನು ಸಂಬಂಧ? ಗಂಟನ್ನು ಅಲ್ಲೇ ಕೆಡವಿ ಮನೆಗೆ ಫೋನ್ ಮಾಡಿದಳು.

ಅತ್ತೆ ಪೂರ್ತಿ ಕೇಳುವ ಮೊದಲೇ ಬೈದರು. "ಬೀಳೋದಲ್ಲ ಕಣೇ! ಒಗ್ಗಲ್ಲ ಅಂತ. ನಿಮ್ಮ ಮಾವನಿಗೆ ಹಾಲು ಪಡದು ಅಂತಿರಲಿಲ್ವಾ ನಾನು? ಓಡು!"

ಅವಳು ಓಡಿದಳು. "ಸಿಸ್ಟರ್, ನಿಲ್ಲಿಸಿ! ಆ ಔಷಧಿ ಅವನಿಗೆ ಒಗ್ಗಲ್ವಂತೆ!"

ಅಷ್ಟರಲ್ಲಿ ಅವನ ಕತ್ತಿನ ತುಂಬ ಕೆಂಪು ದದ್ದು ಎದ್ದು, ಉಸಿರು ಸಿಳ್ಳೆ ಹಾಕುತ್ತಿತ್ತು. ಸಿಸ್ಟರ್ ನಳಿಕೆ ಮುಚ್ಚಿದರು. ಡಾಕ್ಟರು ಬಂದು ಬೇರೆ ಚುಚ್ಚುಮದ್ದು ಕೊಟ್ಟರು. ಅವನ ಉಸಿರು ಹದಕ್ಕೆ ಬರುವವರೆಗೂ ಆಯಾ ಮಂಚದ ಕಂಬಿ ಹಿಡಿದು ನಿಂತೇ ಇದ್ದಳು. "ನಿಮ್ಮಿಂದ ಉಳಿದ" ಎಂದು ಡಾಕ್ಟರು ಬೆನ್ನು ತಟ್ಟಿದಾಗ ಅವಳಿಗೆ ಅಳು ಬಂತು. ಮೊದಲು ತಪ್ಪು ಹೇಳಿದ್ದನ್ನು ಯಾರೂ ಎತ್ತಲಿಲ್ಲ.

ಮರುದಿನ ಅವಳೇ ಅವನ ಮುಂದೆ ಎತ್ತಿದಳು. "ನಾಲ್ಕು ಜನ ಬಂದು ಹೋದ್ರು ಅಕ್ಕಾ. ಕಿವಿಗೊಟ್ಟವಳು ನೀನೊಬ್ಬಳೇ," ಎಂದು ತೆಲುಗಿನಲ್ಲಿ ಹೇಳಿ, "ನಿಮ್ಮದು ಯಾವೂರು?" ಎಂದು ಕೇಳಿದ.

"ಇದೇ ಊರು."

"ಅದಕ್ಕೂ ಮುಂಚೆ?"

ಅವಳಿಗೆ ಗೊತ್ತಿರಲಿಲ್ಲ. ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಅತ್ತೆಯನ್ನು ಕೇಳಿದಳು. ಅವರಿಗೂ ತಿಳಿಯದು. "ನೇಯೋಕೆ ಕರೆದ್ರಂತೆ, ಬಂದ್ವಂತೆ. ಊರಿನ ಹೆಸರು ಯಾರಿಗೆ ಬೇಕಿತ್ತು?"

ಒಳಗಿನಿಂದ ಮಗಳು ಕನ್ನಡದಲ್ಲಿ ಊಟ ಹಾಕಮ್ಮಾ ಎಂದಳು. ಆಯಾ ತೆಲುಗಿನಲ್ಲಿ ಉತ್ತರ ಕೊಟ್ಟಳು. ಮಗಳು ಹೊರಗೆ ಬಂದು ಅವಳ ಮುಖವನ್ನೇ ನೋಡಿದಳು. "ಏನಂದೆ?" ಆಯಾ ಅದನ್ನೇ ಇನ್ನೊಮ್ಮೆ, ನಿಧಾನವಾಗಿ ಹೇಳಿದಳು.