ಬೆಡ್‌ಶೀಟಿನ ಮರೆ

"ಏ ಮುಂಡೇದೇ, ಕಣ್ಣು ಕಾಣಲ್ವಾ? ಹೊಸಾ ಕಾರ್ಪೆಟ್ಟು! ಬಕೆಟ್ ತಗೊಂಡು ಎಲ್ಲಿಗೇ ನುಗ್ತೀಯಾ?"

ಸೂಪರ್‌ವೈಸರನ ಬಾಯಿ ಬೆಳಗಿನಿಂದಲೇ ಕಾದಿತ್ತು. ಆಸ್ಪತ್ರೆಯ ಆಯಾ ಬಕೆಟಕ್ಕ ಹೊಸ್ತಿಲಲ್ಲೇ ನಿಂತಳು. ಆಪರೇಷನ್ ಥಿಯೇಟರಿನ ನೆಲ ತೊಳೆದು ಬಂದವಳು. ಬಟ್ಟೆಯ ಅಂಚಿನಲ್ಲಿ ಯಾರದೋ ರಕ್ತ ಒಣಗಿ ಗಟ್ಟಿಯಾಗಿತ್ತು.

"ಸ್ನಾನಕ್ಕೆ ಬಂದೆ ಸಾರ್. ನೀರು ನಾನೇ ತಂದಿದೀನಿ. ನಮ್ ರೂಮಲ್ವಾ?"

"ನಿಮ್ ರೂಮಂತೆ! ನಿಮ್ಮಪ್ಪ ಕಟ್ಟಿಸಿದ್ನಾ? ಬೋರ್ಡ್ ಹಾಕಿದೀವಿ ನೋಡು, ಮಹಿಳಾ ನಾಯಕತ್ವ ಕೇಂದ್ರ. ಇನ್ಮೇಲೆ ಇಲ್ಲಿಂದ ಹೆಂಗಸರು ಮುಂದೆ ಬರ್ತಾರೆ. ನೀನು ಆಚೆ ಹೋಗು."

ಅದು ಆಯಾಗಳ ಕೋಣೆ. ಮೂಲೆಯಲ್ಲೊಂದು ನಲ್ಲಿ, ಕೆಳಗೊಂದು ಮೋರಿ, ಗೋಡೆಗೆ ನಾಲ್ಕು ಮೊಳೆ, ಅಷ್ಟೇ ವೈಭವ. ವಾರ್ಡಿನ ಕೀವು, ರಕ್ತ, ಹೇಲು ಎಲ್ಲ ಅಲ್ಲೇ ತೊಳೆದುಕೊಂಡು, ಬೇರೆ ಬಟ್ಟೆ ಉಟ್ಟು, ಮನುಷ್ಯರಾಗಿ ಮನೆಗೆ ಹೋಗುತ್ತಿದ್ದರು. ವಾರದ ಹಿಂದೆ ಬಡಗಿಗಳು ಬಂದು ನಲ್ಲಿ ಕಿತ್ತು, ಮೋರಿ ಮುಚ್ಚಿ, ಅದರ ಮೇಲೆ ಒಂದು ಹೂಕುಂಡ ಇಟ್ಟಿದ್ದರು. ಹೂವು ಪ್ಲಾಸ್ಟಿಕ್ಕಿನದು, ನೀರಿನ ಹಂಗಿಲ್ಲ.

ಬಕೆಟಕ್ಕನಿಗೆ ಹಂಗಿತ್ತಲ್ಲ! ಮನೆಯಲ್ಲಿ ಮೊಮ್ಮಗಳಿದ್ದಳು, ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಆಸ್ಪತ್ರೆಯ ಕೊಳೆ ಮೈಮೇಲಿಟ್ಟುಕೊಂಡು ಮುಟ್ಟಿದರೆ ಅದು ಉಳಿಯುವುದಿಲ್ಲ ಅಂತ ಡಾಕ್ಟರೇ ಹೆದರಿಸಿ ಕಳಿಸಿದ್ದರು. ಮನೆಯ ನಲ್ಲಿ ಬೀದಿಯಲ್ಲಿತ್ತು, ಬೀದಿಯ ತುಂಬ ಗಂಡಸರು. ಬಡಗಿಗಳು ಬಂದ ದಿನದಿಂದ ಅಜ್ಜಿ ಬಾಗಿಲಾಚೆ ಕೂತು ಕೂಸಿನ ಅಳು ಕೇಳುತ್ತಿದ್ದಳೇ ಹೊರತು ಎತ್ತಿಕೊಂಡಿರಲಿಲ್ಲ.

ಸುಮ್ಮನಿರಲಿಲ್ಲ. ಆಸ್ಪತ್ರೆ ನಡೆಸುವ ಸೇವಾಸಂಸ್ಥೆಯ ಕಾರ್ಯದರ್ಶಿ ಮೇಡಂ ಹತ್ತಿರ ಹೋಗಿ ಬಂದಿದ್ದಳು. ಆಕೆ ಬಲು ಒಳ್ಳೆಯವರು, ಕುರ್ಚಿ ತೋರಿಸಿ ಕೂರು ಅಂದರು. ಬಟ್ಟೆ ನೋಡಿ, ಬೇಡ ಬಿಡು ಅಂದರು.

"ಸಮಿತಿ ಮಾಡಿದೀವಮ್ಮಾ. ನಿಮ್ಮಂಥವರ ಏಳಿಗೆಗೇ ತಾನೇ ಈ ಕೇಂದ್ರ?"

"ಸ್ನಾನ, ಮೇಡಂ?"

"ಅದೂ ಅದರಲ್ಲೇ ಬರುತ್ತೆ."

ಇವತ್ತು ಉದ್ಘಾಟನೆ. ಸೂಪರ್‌ವೈಸರ್ ಒಂದು ಬಿಳಿ ಕೋಟು ಎಸೆದ. "ಆ ಗಲೀಜು ಬಟ್ಟೆ ಮೇಲೆ ಇದ್ ಹಾಕ್ಕೊಂಡು ಬಾಗಿಲಲ್ಲಿ ನಿಂತ್ಕೋ, ಬಂದೋರಿಗೆ ನೀರ್ ಕೊಡು. ಬಾಯಿ ಬಿಟ್ರೆ ನಾಳೆಯಿಂದ ಕೆಲಸ ಇಲ್ಲ, ತಿಳೀತಾ?"

ಬಕೆಟಕ್ಕ ರಕ್ತದ ಮೇಲೆ ಕೋಟು ತೊಟ್ಟು ತಟ್ಟೆ ಹಿಡಿದು ನಿಂತಳು. ಆಸ್ಪತ್ರೆಯ ಮೆಡಿಕಲ್ ಕಾಲೇಜಿನ ಡೀನ್ ಮೇಡಂ ರಿಬ್ಬನ್ ಕತ್ತರಿಸಿ ಮೈಕ್ ಹಿಡಿದರು. ಆ ಕಾಲೇಜಿನಲ್ಲಿ ಆ ಕುರ್ಚಿ ಏರಿದ ಮೊದಲ ಹೆಂಗಸು. ಸುಮ್ಮನೆ ಸಿಕ್ಕಿದ್ದಲ್ಲ, ಗಂಡಸರ ಕಾಲ್ತೊಡಕು ದಾಟಿ ದಾಟಿ ಏರಿದ್ದು.

"ನಾನಿಲ್ಲಿ ವಿದ್ಯಾರ್ಥಿನಿಯಾಗಿದ್ದಾಗ ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲೂ ಜಾಗವಿರಲಿಲ್ಲ. ಒಂದು ದಿನ ಹೆರಿಗೆ ಮಾಡಿಸಿ ಬಂದು, ಮೈಯೆಲ್ಲ ರಕ್ತ, ಅಳ್ತಾ ನಿಂತಿದ್ದೆ. ಒಬ್ಬ ಆಯಾ ತಮ್ಮ ಕೋಣೆಗೆ ಕರ್ಕೊಂಡು ಹೋಗಿ ಬೆಡ್‌ಶೀಟ್ ಹಿಡಿದು ಮರೆ ಮಾಡಿದಳು. ನನ್ನೊಳಗಿನ ನಾಯಕಿ ಹುಟ್ಟಿದ್ದು ಆ ಬೆಡ್‌ಶೀಟಿನ ಹಿಂದೆ. ಆ ತಾಯಿ ಈಗ ಎಲ್ಲಿದ್ದಾಳೋ!"

ಚಪ್ಪಾಳೆಯೋ ಚಪ್ಪಾಳೆ. ಕಾರ್ಯದರ್ಶಿ ಮೇಡಂ ಕಣ್ಣೊರೆಸಿಕೊಂಡರು.

ಬಕೆಟಕ್ಕ ತಿರುಗಿ ಡೀನ್ ಮೇಡಂ ಮುಖ ನೋಡಿದಳು. ಅಯ್ಯೋ, ಆ ಹುಡುಗಿ! "ಯಾವನೂ ನೋಡಲ್ಲ ಕಣವ್ವಾ, ನಾನಿದೀನಿ" ಅಂದಿದ್ದು ಇದೇ ಬಾಯಿ. ಬೆಡ್‌ಶೀಟ್ ಹಿಡಿದಿದ್ದು ಇದೇ ಮೂಲೆಯಲ್ಲಿ, ಈ ಹೂಕುಂಡ ಇರುವ ಕಡೆ. ಈಗ ಗುರುತು ಹಿಡೀತಾಳೆ ಅಂತ ಮುಖ ಅರಳಿಸಿಕೊಂಡು ಮುಂದೆ ಬಂದಳು. ಡೀನ್ ಮೇಡಂ ಲೋಟ ತೆಗೆದುಕೊಂಡರು, ಕುಡಿದರು, ಅವಳ ಮುಖ ನೋಡದೆಯೇ ಖಾಲಿ ಲೋಟ ತಟ್ಟೆಗಿಟ್ಟು ಮಾತು ಮುಂದುವರಿಸಿದರು.

ಬಕೆಟಕ್ಕ ತಟ್ಟೆಯನ್ನು ಕುರ್ಚಿಯ ಮೇಲೆ ಕುಕ್ಕಿ ಹೊರಗೆ ಹೋದಳು. ಬರುವಾಗ ಒಂದು ಕೈಯಲ್ಲಿ ತುಂಬಿದ ಬಕೆಟ್ಟು, ಇನ್ನೊಂದರಲ್ಲಿ ಬೆಡ್‌ಶೀಟು, ಹಿಂದೆ ಇಬ್ಬರು ಆಯಾಗಳು. ಹೂಕುಂಡವನ್ನು ಕಾಲಲ್ಲಿ ಒದ್ದಳು.

"ಹಿಡೀರೇ ಬಿಗಿಯಾಗಿ."

ಇಬ್ಬರೂ ಮೂಲೆಗೆ ಅಡ್ಡವಾಗಿ ಬೆಡ್‌ಶೀಟ್ ಹಿಡಿದರು. ಮೊದಲು ಬಿಳಿ ಕೋಟು ಮೇಲಿಂದ ಹಾರಿ ಆಚೆ ಬಿತ್ತು, ಹಿಂದೆಯೇ ರಕ್ತದ ಬಟ್ಟೆ. ಆಮೇಲೆ ದಬದಬನೆ ನೀರು ಸುರಿಯುವ ಸದ್ದು.

"ಥೂ, ಮಾನಗೆಟ್ಟೋಳೇ!" ಸೂಪರ್‌ವೈಸರ್ ಓಡಿ ಬಂದ.

"ಬಾರೋ ಗಂಡಸೇ, ಬಾ!" ಒಳಗಿಂದ ಬಕೆಟಕ್ಕನ ದನಿ ಬಂತು. "ಹೆಂಗಸು ಸ್ನಾನ ಮಾಡ್ತಿದಾಳೆ, ಇಷ್ಟು ಜನ ದೊಡ್ಡೋರ ಮುಂದೆ ಪರದೆ ಸರಿಸು ನೋಡೋಣ!"

ಅವನು ಬಾಲ ಮುದುರಿದ. ಡೀನ್ ಮೇಡಂ ಮೈಕಿನಲ್ಲೇ ಕೇಳಿದರು, "ಯಾರದು?"

"ಎಲ್ಲಿದ್ದಾಳೋ ಅಂದ್ರಲ್ಲ ಮೇಡಂ, ಇಲ್ಲೇ ಇದೀನಿ. ಮನೇಲಿ ಕೂಸು ಎತ್ಕೋಬೇಕು, ಅದ್ಕೇ ತೊಳ್ಕೋತಿದೀನಿ."

ಎಡಗಡೆಯ ಆಯಾಳ ಕೈ ಇಳಿಯುತ್ತಾ ಬಂತು. ಇಡೀ ದಿನ ನೆಲ ಒರೆಸಿದ ಕೈ ಅದು. ಬೆಡ್‌ಶೀಟಿನ ಆ ತುದಿ ಜಗ್ಗಿ ಬಕೆಟಕ್ಕನ ಒದ್ದೆ ಹೆಗಲು ಕಂಡಿತು.

"ಮೇಡಂ, ಕೈ ಸೋತೋಯ್ತು. ಈ ತುದಿ ಒಂಚೂರು ಹಿಡ್ಕೋತೀರಾ?" ಅಂದಳು ಆ ಆಯಾ.

ಕೂತವರೆಲ್ಲ ಡೀನ್ ಮೇಡಂ ಕಡೆ ತಿರುಗಿದರು. ಅವರ ಒಂದು ಕೈಯಲ್ಲಿ ಮೈಕಿತ್ತು, ಇನ್ನೊಂದರಲ್ಲಿ ರಿಬ್ಬನ್ ಕತ್ತರಿಸಿದ ಕತ್ತರಿ. ಬೆಡ್‌ಶೀಟು ಇನ್ನೂ ಒಂದು ಗೇಣು ಕೆಳಗಿಳಿಯಿತು. ಆಚೆ ಬಿದ್ದ ರಕ್ತದ ಬಟ್ಟೆ ನೆನೆದು ಕೆಂಪಾದ ನೀರು ಕಾರ್ಪೆಟ್ಟಿನ ಮೇಲೆ ಹರಡುತ್ತಾ ಬಂದು ಅವರ ಚಪ್ಪಲಿಯನ್ನು ಮುಟ್ಟಿತು.