ಇಸ್ತ್ರಿ ಮಾಡಿದ ಹೊಲ

ಪರಿಶೀಲನೆಗೆ ಬರುವ ಸಾಹೇಬರು ಬೀರು ತೆಗೆಸಿ ದುಪ್ಪಟಿಗಳ ಮಡಿಕೆ ನೋಡುತ್ತಾರೆಂಬ ಸುದ್ದಿ ಸಮುದ್ರ ಬತ್ತಿಸಿ ಪಡೆದ ಪೋಲ್ಡರ್ ನೆಲಕ್ಕೆಲ್ಲ ಹಬ್ಬಿತ್ತು. ಮನೆ ಒಪ್ಪವಾಗಿಲ್ಲದವರಿಗೆ ಸರ್ಕಾರ ಜಮೀನನ್ನು ಗೇಣಿಗೆ ಕೊಡುವುದಿಲ್ಲವಂತೆ. ಏಳು ವರ್ಷದ ಹಿಂದೆ ಸಮುದ್ರದ ತಳವಾಗಿದ್ದ ನೆಲ. ಒಂದೊಂದು ತುಂಡಿಗೆ ಮೂವತ್ತು ಅರ್ಜಿ. ಆರು ವರ್ಷದಿಂದ ಇಲ್ಲೇ ಕಾಲುವೆ ತೋಡುತ್ತಿದ್ದ ರೆಂಡರ್ಟನದೂ ಅದರಲ್ಲೊಂದು. ಬರುವ ವರ್ಷ ಅವನಿಗೆ ವಯಸ್ಸಿನ ಮಿತಿ ದಾಟುತ್ತಿತ್ತು. ಈ ಸಲ ಸಿಗದಿದ್ದರೆ ಸಾಯುವವರೆಗೂ ಪರರ ನೆಲದಲ್ಲಿ ಗುದ್ದಲಿ ಹಿಡಿಯಬೇಕು.

"ಬೀರು ಸ್ವಲ್ಪ ಸರಿ ಮಾಡೇ," ಎಂದು ಹೆಂಡತಿ ಫೆನ್ನಾಳಿಗೆ ಹೇಳಿ ನೋಡಿದ.

"ಯಾಕೆ, ದುಪ್ಪಟಿ ಮೇಲೆ ಗೋಧಿ ಬೆಳೀತೀಯಾ?" ಎಂದು ಅವಳು ಆಲೂಗಡ್ಡೆ ಹೆರೆಯುವುದನ್ನು ಮುಂದುವರಿಸಿದಳು.

ಹಾಗಾಗಿ ರೆಂಡರ್ಟ್ ತನ್ನ ಕೈಲಾದದ್ದನ್ನು ಒಪ್ಪ ಮಾಡಲು ಹೊರಟ. ಮನೆಯ ಹಿಂದೆ ಅವನಿಗೆ ನೋಡಿಕೊಳ್ಳಲೆಂದು ಸರ್ಕಾರ ಕೊಟ್ಟಿದ್ದ ಹೊಲವಿತ್ತು. ಎಣ್ಣೆಬೀಜದ ಬೆಳೆ ಕೊಯ್ದಾಗಿತ್ತು. ಬಿಸಿಲಿಗೆ ಜೇಡಿಮಣ್ಣು ಮೊಣಕೈವರೆಗೆ ತೋಳು ಹೋಗುವಷ್ಟು ಬಿರುಕು ಬಿಟ್ಟು, ನೋಡಲು ಅಸಹ್ಯವಾಗಿತ್ತು.

ಬಿರುಕು ಬೇಕು ಎಂದು ಸಂಜೆ ಶಾಲೆಯಲ್ಲಿ ಕಲಿತದ್ದು ಅವನಿಗೆ ನೆನಪಿತ್ತು. ಬಿರುಕಿನಲ್ಲಿ ಮಳೆ ನೀರು ಇಳಿದು ಉಪ್ಪನ್ನು ಒಯ್ಯುತ್ತದೆ, ಗಾಳಿ ಆಡಿ ನೀಲಿ ಕೆಸರು ಕಂದು ಮಣ್ಣಾಗುತ್ತದೆ, ನೆಲ ಮಾಗುತ್ತದೆ. ಪರೀಕ್ಷೆಯಲ್ಲಿ ಹತ್ತಕ್ಕೆ ಎಂಟು ಬಂದಿತ್ತು. ಆದರೆ ಕಳೆದುಹೋದ ಎರಡು ಅಂಕ ಈ ಪ್ರಶ್ನೆಯದೇ ಆಗಿದ್ದರೆ? ರೆಂಡರ್ಟ್ ಮೂರು ಸಂಜೆ ಕೂತು ಹೆಂಟೆಗಳನ್ನು ಪುಡಿ ಮಾಡಿ ಬಿರುಕುಗಳಿಗೆ ತುಂಬಿದ. ನಾಲ್ಕನೆಯ ದಿನ ಹೊಲ ಇಸ್ತ್ರಿ ಮಾಡಿದ ಮೇಜುಬಟ್ಟೆಯಂತೆ ಕಂಡಿತು. ಅವನಿಗೆ ಅರ್ಧ ಗಂಟೆ ಹೆಮ್ಮೆಯಾಯಿತು, ಆಮೇಲೆ ಪಾಠ ಮತ್ತೆ ನೆನಪಾಯಿತು.

ಪರಿಶೀಲನೆಗೆ ಬಂದ ಸಾಹೇಬರಾದ ಅಸ್ಪೆರೆನ್ ಕಾಫಿ ಕುಡಿದು, ಜೊತೆಗೆ ಕೊಟ್ಟ ಒಂದೇ ಬಿಸ್ಕತ್ತು ತಿಂದು, ಬೀರುವಿನ ಕಡೆ ತಿರುಗಿಯೂ ನೋಡದೆ ಎದ್ದರು. ಅವರ ಕೈಯಲ್ಲಿ ಬಿರುಕಿನ ಆಳ ಅಳೆಯುವ ಕಬ್ಬಿಣದ ಕೋಲಿತ್ತು. ಹೊಲದ ಉದ್ದಕ್ಕೂ ನಡೆದರೂ ಅದನ್ನು ಇಳಿಸಲು ಜಾಗ ಸಿಗಲಿಲ್ಲ.

"ಇಲ್ಲಿ ಅಗೀರಿ," ಎಂದರು.

ರೆಂಡರ್ಟ್ ಅಗೆದ. ಒಂದೂವರೆ ಅಡಿಗೇ ನೀಲಿ ಕೆಸರು ಕೊಳೆತ ಮೊಟ್ಟೆಯ ವಾಸನೆ ಹೊಡೆಯಿತು. ಸಾಹೇಬರು ಒಂದು ಉಂಡೆ ಹಿಡಿದು ಹಿಸುಕಿದರು; ಅದು ಬೆಣ್ಣೆಯಂತೆ ಬೆರಳ ಸಂದಿಯಿಂದ ಜಾರಿತು. ಇನ್ನೂ ಮಾಗಿರಲಿಲ್ಲ.

"ಇಂಥ ನೆಲದಲ್ಲಿ ಬಿರುಕು ಇರಬೇಕಿತ್ತಲ್ಲ. ಮಳೆ ಬಂದು ಮುಚ್ಚಿಕೊಂಡಿರಬೇಕು, ಅಲ್ವಾ?"

ಎಷ್ಟು ಒಳ್ಳೆಯ ಉತ್ತರ, ಅದೂ ಸಾಹೇಬರೇ ಕೊಟ್ಟದ್ದು! ರೆಂಡರ್ಟ್ 'ಹೌದು' ಎನ್ನಲು ಬಾಯಿ ತೆರೆದ.

"ಇಲ್ಲ ಸಾರ್. ನಾನೇ ಮುಚ್ಚಿದೆ."

"ಯಾಕ್ರೀ?"

"ಚೆನ್ನಾಗಿ ಕಾಣ್ಲಿ ಅಂತ."

"ಬಿರುಕು ಯಾಕೆ ಬೇಕು ಅಂತ ಗೊತ್ತಿಲ್ವಾ?"

"ಗೊತ್ತು ಸಾರ್. ನಂಗೆ ಗೊತ್ತಿರೋದು ಸರೀನಾ ಅನ್ನೋದು ಗೊತ್ತಿಲ್ಲ." ಉಪ್ಪು, ಗಾಳಿ, ನೀಲಿ, ಕಂದು ಎಂದು ಪಾಠವನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ.

ಸಾಹೇಬರು ಕೈ ಒರೆಸಿಕೊಂಡರು. "ಈ ವಾರ ಹೀಗೆ ಒಪ್ಪ ಮಾಡಿದ ಹೊಲ ಇದು ನಾಲ್ಕನೇದು. ಉಳಿದ ಮೂವರೂ ಮಳೆ ಬಂತು ಅಂದ್ರು. ಐದು ವಾರದಿಂದ ಒಂದು ಹನಿ ಬಿದ್ದಿಲ್ಲ ಕಣ್ರೀ." ಜೇಬಿನಿಂದ ಪುಸ್ತಕ ತೆಗೆದರು. "ಇಪ್ಪತ್ನಾಲ್ಕು ಹೆಕ್ಟೇರ್ ಕೇಳಿದೀರಿ. ಅಷ್ಟು ಕೊಟ್ರೆ ಅಷ್ಟನ್ನೂ ತೇಪೆ ಹಾಕ್ತೀರಿ. ಹನ್ನೆರಡು ಬರ್ಕೊಳ್ತೀನಿ. ಕಚೇರೀಲಿ ನನ್ನ ಮಾತು ನಡೆಯತ್ತೆ."

ರೆಂಡರ್ಟನಿಗೆ ಕೇಳಿದ್ದನ್ನು ನಂಬಲಾಗಲಿಲ್ಲ. ನಂಬದಿದ್ದಾಗ ಮಾತಾಡುವುದು ಅವನ ಚಟ.

"ಹನ್ನೆರಡು ಜಾಸ್ತಿ ಆಗ್ಲಿಲ್ವಾ ಸಾರ್? ಹೋದ ವರ್ಷ ಬಿತ್ತನೇನೂ ದಟ್ಟ ಮಾಡಿಬಿಟ್ಟಿದ್ದೆ. ಆ ಕಡೆ ಕಾಲುವೆ ನೋಡಿ, ನಾನು ತೋಡಿದ್ದೇ, ಸ್ವಲ್ಪ ಸೊಟ್ಟ..."

ಬದುವಿನ ಮೇಲೆ ನಿಂತಿದ್ದ ಫೆನ್ನಾ ಬಂದು ಅವನ ತೋಳು ಹಿಡಿದಳು.

"ಸಾಕು ಮಾರಾಯ, ಬಾಯಿ ಮುಚ್ಚು. ಇನ್ನೊಂದು ಮಾತಾಡಿದ್ರೆ ಅದು ಆರಾಗತ್ತೆ."

ಸಾಹೇಬರು ಬರೆದು ಮುಗಿಸುವವರೆಗೆ ರೆಂಡರ್ಟ್ ಉಸಿರನ್ನೂ ಬಿಗಿಹಿಡಿದು ನಿಂತ.