ಮೂರೂವರೆ ಸುತ್ತು

ಆಕ್ಸಲ್ ಮೇಸ್ತ್ರಿ ಅಂದರೆ ಸುತ್ತಲಿನ ಗ್ಯಾರೇಜಿನವರಿಗೆ ಅರ್ಧ ಹೆದರಿಕೆ, ಅರ್ಧ ತಮಾಷೆ. ಎಂಜಿನ್ನಿನ ಕಡೆ ಈ ಮಹಾರಾಯ ತಿರುಗಿಯೂ ನೋಡುತ್ತಿರಲಿಲ್ಲ. "ಮುಂದೆ ಅದು ಎಷ್ಟು ಬೇಕಾದ್ರೂ ಕಿರುಚ್ಲಿ ಕಣ್ರೀ, ಚಕ್ರ ಎಷ್ಟು ತಿರುಗ್ಬೇಕು ಅಂತ ಹೇಳೋನು ಹಿಂದೆ ಕೂತಿದಾನೆ" ಎನ್ನುತ್ತಿದ್ದ. ಹಿಂದೆ ಕೂತವನೆಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್ಲಿನ ಹೊಟ್ಟೆಯೊಳಗಿನ ಹಲ್ಲುಚಕ್ರಗಳ ಜೋಡಿ, ಒಂದು ದೊಡ್ಡದು, ಒಂದು ಚಿಕ್ಕದು. ಎಂಜಿನ್ ಕಡೆಯಿಂದ ಬರುವ ಶಾಫ್ಟು ಎಷ್ಟು ಸುತ್ತು ಹಾಕಿದರೆ ಚಕ್ರ ಒಂದು ಸುತ್ತು ಹಾಕುತ್ತದೆ ಎಂಬುದು ಆ ಜೋಡಿಯ ಲೆಕ್ಕ. ಶಾಫ್ಟಿನ ಸುತ್ತು ಹೆಚ್ಚಾದರೆ ಪಿಕಪ್ ಜೋರು, ಮೇಲಿನ ವೇಗ ಕಡಿಮೆ. ಸುತ್ತು ಕಡಿಮೆಯಾದರೆ ಗಾಡಿ ಉದ್ದ ರಸ್ತೆಗೆ ಲಾಯಕ್ಕು, ಆದರೆ ನಿಂತಲ್ಲಿಂದ ಏಳುವಾಗ ಸೋಮಾರಿ.

ಇದನ್ನೆಲ್ಲ ಅವನು ಮಗಳಿಗೆ ಎಂಟನೇ ವಯಸ್ಸಿಗೇ ಕಲಿಸಿದ್ದ. ಜೊತೆಗೆ ಇನ್ನೊಂದು ಮಾತನ್ನೂ ಕಲಿಸಿದ್ದ. "ಆಕ್ಸಲ್ ಒಳಗೆ ಏನಿದೆ ಅಂತ ಯಾರ ಬಾಯನ್ನೂ ನಂಬ್ಬೇಡ. ಸೀಮೆಸುಣ್ಣ ತಗೊಂಡು ಎಣಿಸ್ಕೋ."

ಆವತ್ತು ಬೆಳಿಗ್ಗೆ ಮಗಳು ತನ್ನ ಶಿಷ್ಯೆಯನ್ನು ಕರೆದುಕೊಂಡು ಬಂದು, ಶೆಡ್ಡಿನ ಮೂಲೆಯಲ್ಲಿದ್ದ ಹಳೇ ಕಾರಿನ ಟಾರ್ಪಾಲು ಎಳೆದಾಗ ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ.

"ಹನ್ನೊಂದು ವರ್ಷದಿಂದ ಸುಮ್ನೆ ನಿಂತಿದೆಯಲ್ಲ ಅಪ್ಪ. ಇವಳಿಗೆ ಕೊಡ್ತೀನಿ. ಗುಡ್ಡದ ರೇಸಿಗೆ ಹೆಸರು ಕೊಟ್ಟಿದಾಳೆ."

ಮಗಳು ಈಗ ಡ್ರೈವಿಂಗ್ ಸ್ಕೂಲಿನಲ್ಲಿ ಟೀಚರು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗಿರುವ ಇನ್ನೊಂದು ಬ್ರೇಕನ್ನು ಒತ್ತುವ ಕೆಲಸ. ಆ ಬ್ರೇಕನ್ನು ಅವಳ ಕಾಲ ಕೆಳಗೆ ತಂದಿಟ್ಟವನು ತಾನೇ ಎಂಬುದು ಮೇಸ್ತ್ರಿಗೊಬ್ಬನಿಗೇ ಗೊತ್ತು.

ಹನ್ನೊಂದು ವರ್ಷದ ಹಿಂದೆ ಅದೇ ಗುಡ್ಡದ ರೇಸಿಗೆ ಅವಳೇ ನಿಂತಿದ್ದಳು. ಒಂದೂವರೆ ಕಿಲೋಮೀಟರಿನ ಏರು, ಏಳು ತಿರುವು. ಒಂದು ವಾರ ನೋಟ್‌ಬುಕ್ ತುಂಬಾ ಲೆಕ್ಕ ಗೀಚಿ ಅಪ್ಪನ ಮುಂದೆ ಹಿಡಿದಿದ್ದಳು. "ಇಲ್ಲಿ ಯಾರೂ ನೂರು ದಾಟೋದೇ ಇಲ್ಲ. ಮೇಲಿನ ಸ್ಪೀಡ್ ಇಟ್ಕೊಂಡು ಉಪ್ಪಿನಕಾಯಿ ಹಾಕೋದಾ? ನಲವತ್ತೊಂದು ಹಲ್ಲಿಗೆ ಒಂಬತ್ತು ಹಾಕು. ನಾಲ್ಕೂವರೆ ಸುತ್ತು." ಲೆಕ್ಕ ಅಚ್ಚುಕಟ್ಟಾಗಿತ್ತು. ಮೇಸ್ತ್ರಿ ಹೆಮ್ಮೆಯಿಂದಲೇ ಹಾಕಿಕೊಟ್ಟ.

ಟ್ರಯಲ್ಲಿಗೆ ಹೋದರೆ ಗಾಡಿ ಬಿಟ್ಟ ಬಾಣ. ಎರಡನೇ ತಿರುವಿನಲ್ಲಿ ಜಲ್ಲಿಯ ಮೇಲೆ ಹಿಂಭಾಗ ಜಾರಿ, ಕಲ್ಲುಗೋಡೆಗೆ ಗೇಣು ದೂರದಲ್ಲಿ ನಿಂತಿತು. ಮಗಳು ನಗುತ್ತ ಇಳಿದಳು. ಅಪ್ಪನೂ ನಕ್ಕ, ಆದರೆ ಅವನ ಕಣ್ಣು ಆ ಗೋಡೆಯ ಮೇಲೆಯೇ ಇತ್ತು. ಮಾರನೇ ದಿನ ಅವಳು ಕಾಲೇಜಿಗೆ ಹೋದ ಹೊತ್ತು ನೋಡಿ ಆ ಜೋಡಿಯನ್ನು ಬಿಚ್ಚಿ, ಹಳೆಯದನ್ನೇ ಕೂರಿಸಿದ. ಮೂವತ್ತೊಂಬತ್ತು ಹಲ್ಲಿಗೆ ಹನ್ನೊಂದು, ಮೂರೂವರೆ ಸುತ್ತು. ಸ್ಪೀಡಿನ ಮುಳ್ಳಿಗೆ ಕೇಬಲ್ ಬರುವುದು ಗೇರ್‌ಬಾಕ್ಸಿನಿಂದ. ಹಿಂದೆ ಆಕ್ಸಲ್ಲಿನಲ್ಲಿ ಏನು ಬದಲಾದರೂ ಅದಕ್ಕೆ ಗೊತ್ತಾಗುವುದಿಲ್ಲ. ಈ ಸೂಕ್ಷ್ಮವೂ ಅವನಿಗೆ ಗೊತ್ತಿತ್ತು, ಪುಣ್ಯಾತ್ಮನಿಗೆ.

ರೇಸಿನಲ್ಲಿ ಮಗಳು ಕೊನೆಯವರಿಗಿಂತ ಒಂದು ಸ್ಥಾನ ಮುಂದೆ. ಹೆಲ್ಮೆಟ್ ತೆಗೆದು ನೇರ ಅಪ್ಪನ ಹತ್ತಿರ ಬಂದಳು. "ಗಾಡಿ ಏಳ್ಲೇ ಇಲ್ಲಪ್ಪ. ಏನಾಗಿದೆ ನೋಡು."

ಆಗಲಾದರೂ ಹೇಳಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಬದಲಿಗೆ ಆ ಹಾಳು ಬಾಯಿ ಬೇರೆಯದನ್ನೇ ಆಡಿತು. "ಗಾಡೀದು ಏನೂ ತಪ್ಪಿಲ್ಲ ಮಗಾ. ನೀನು ಕ್ಲಚ್ ಬಿಡೋದು ಲೇಟು."

ಅವಳು ನಂಬಿದಳು. ಅಪ್ಪನ ಕೈ ಹಾಕಿದ ಆಕ್ಸಲ್ಲನ್ನು ಎಣಿಸಿ ನೋಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ತಿಂಗಳುಗಟ್ಟಲೆ ಶೆಡ್ಡಿನ ಮುಂದಿನ ಓಣಿಯಲ್ಲಿ ಕ್ಲಚ್ ಬಿಡುವುದನ್ನೇ ಅಭ್ಯಾಸ ಮಾಡಿದಳು, ಎಡಗಾಲು ಊದಿಕೊಳ್ಳುವವರೆಗೆ. ಇನ್ನೂ ಎರಡು ರೇಸು, ಅದೇ ಕಥೆ. ಕೊನೆಗೊಂದು ದಿನ "ನನ್ನ ಕಾಲಲ್ಲೇ ಇಲ್ಲ ಬಿಡಪ್ಪ" ಎಂದು ಟಾರ್ಪಾಲು ಹೊದಿಸಿದಳು. ಮೇಸ್ತ್ರಿ ಆ ದಿನ ನೆಮ್ಮದಿಯಿಂದ ಹೊಟ್ಟೆ ತುಂಬ ಉಂಡಿದ್ದ. ಆ ಊಟ ನೆನಪಾದರೆ ಇವತ್ತಿಗೂ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತದೆ.

"ಇದರಲ್ಲಿ ರೇಷಿಯೋ ಎಷ್ಟು ಮೇಡಂ?" ಶಿಷ್ಯೆ ಕೇಳಿದಳು.

"ನಾಲ್ಕೂವರೆ. ನಾನೇ ಆರಿಸಿದ್ದು. ಆದ್ರೆ ನನ್ನ ಮಾತು ನಂಬ್ಬೇಡ, ಎಣಿಸ್ಕೋ."

ಮಗಳು ಗೇರನ್ನು ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಇಳಿಸಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿದಳು. ಟೈರಿಗೊಂದು ಸೀಮೆಸುಣ್ಣದ ಗೆರೆ, ಶಾಫ್ಟಿಗೊಂದು. "ಒಂದೇ ಚಕ್ರ ಎತ್ತಿದಾಗ ನೆಲದ ಮೇಲಿರೋದರ ಪಾಲಿನ ಸುತ್ತನ್ನೂ ಇದೇ ಹಾಕ್ಬೇಕು, ಅದಕ್ಕೆ ಎರಡು ಸುತ್ತು ತಿರುಗಿಸ್ಬೇಕು, ನೆನಪಿಟ್ಕೋ" ಎಂದು ತಾನೇ ತಿರುಗಿಸಿದಳು. ಶಿಷ್ಯೆ ಕೆಳಗೆ ಮಲಗಿ ಎಣಿಸಿದಳು.

"ಮೂರೂವರೆ ಮೇಡಂ."

"ತಪ್ಪು ಎಣಿಸ್ದೆ. ಏಳು, ನಾನು ನೋಡ್ತೀನಿ." ಮಗಳು ಶಾಫ್ಟಿನ ಕೆಳಗೆ ತೂರಿಕೊಂಡಳು. "ಅಪ್ಪ, ಸ್ವಲ್ಪ ತಿರುಗ್ಸು."

ಮೇಸ್ತ್ರಿ ಚಕ್ರದ ಮುಂದೆ ಮಂಡಿಯೂರಿದ. ಕೆಳಗಿದ್ದವಳಿಗೆ ಟೈರಿನ ಗೆರೆ ಕಾಣುವುದಿಲ್ಲ. ಎರಡು ಸುತ್ತು ಎಂದು ಹೇಳಿ, ಎರಡರ ಮೇಲೆ ಇನ್ನೂ ಅರ್ಧ ಸುತ್ತಿಗಿಂತ ಒಂದಿಷ್ಟು ಜಾಸ್ತಿ ತಿರುಗಿಸಿದರೆ ನಾಲ್ಕೂವರೆ ಬಂದೇ ಬರುತ್ತದೆ. ಮಗಳು ನಂಬುತ್ತಾಳೆ. ಕ್ಲಚ್ಚಿನ ಮಾತನ್ನೂ ಹೀಗೇ ನಂಬಿದ್ದಳು.

ಒಂದು ಸುತ್ತು ತಿರುಗಿಸಿದ. ಎರಡನೆಯದು. ಗೆರೆ ಮೇಲೆ ಬಂದಲ್ಲಿಗೆ ಸರಿಯಾಗಿ ಕೈ ನಿಲ್ಲಿಸಿದ.

"ಎರಡು" ಎಂದ.

ಶಾಫ್ಟಿನ ಗೆರೆ ಮೂರೂವರೆ ಸುತ್ತಿಗೇ ನಿಂತಿತ್ತು. ಕಾರಿನ ಕೆಳಗಿಂದಲೇ ಮಗಳ ಮಾತು ಬಂತು.

"ಆವತ್ತು ನಾನು ಕ್ಲಚ್ ಸರಿಯಾಗೇ ಬಿಡ್ತಿದ್ನಾ ಅಪ್ಪ?"

"ಸರಿಯಾಗೇ ಬಿಡ್ತಿದ್ದೆ. ನಿನ್ನಷ್ಟು ಚೆನ್ನಾಗಿ ಅಲ್ಲಿ ಯಾರೂ ಬಿಡ್ತಿರ್ಲಿಲ್ಲ. ನಂಗೆ ಭಯ ಆಗಿತ್ತು ಮಗಾ. ಆ ಗೋಡೆ ನೋಡಿ ಭಯ ಆಗಿತ್ತು."

"ನಂಗೆ ಹೇಳಿದ್ರೆ ಆಗ್ತಿತ್ತು."

ಅವಳು ಹೊರಗೆ ಬಂದು ಬೆನ್ನಿನ ಧೂಳನ್ನೂ ಕೊಡವದೆ ನಿಂತಳು. ಮೇಸ್ತ್ರಿ ಗೋಡೆ ಹಿಡಿದು ಎದ್ದ. ಬೆಂಚಿನ ಕೆಳಗಿನ ಡ್ರಾಯರಿನಿಂದ ಒಂದು ಗಂಟು ತಂದು, ಎಣ್ಣೆಬಟ್ಟೆ ಬಿಡಿಸಿ ಅವಳ ಮುಂದೆ ಹಿಡಿದ. ನಲವತ್ತೊಂದು ಹಲ್ಲಿನದು, ಒಂಬತ್ತು ಹಲ್ಲಿನದು. ವರ್ಷಕ್ಕೊಮ್ಮೆ ಎಣ್ಣೆ ಸವರಿದ್ದ. ಒಂದು ಚುಕ್ಕಿ ತುಕ್ಕಿರಲಿಲ್ಲ.

ಮಗಳು ಚಿಕ್ಕ ಚಕ್ರವನ್ನು ಎತ್ತಿಕೊಂಡು ಹಲ್ಲುಗಳನ್ನು ಒಂದೊಂದಾಗಿ ಬೆರಳಿಂದ ಎಣಿಸಿದಳು, ಒಂಬತ್ತರವರೆಗೂ. ಆಮೇಲೆ ಎರಡನ್ನೂ ಬಟ್ಟೆ ಸಮೇತ ಶಿಷ್ಯೆಯ ಕೈಗಿಟ್ಟಳು.

"ರೇಸಿಗೆ ಮುಂಚೆ ಇದನ್ನ ಹಾಕಿಸ್ಕೋ" ಎಂದಳು. "ಬೇರೆ ಗ್ಯಾರೇಜಲ್ಲಿ."